ಕೈರೋಪ್ರಾಕ್ಟರ್ ಹತ್ತಿರ ಹೋಗುವ ಮೊದಲು: ಚೇರಂಬಾಣೆ ಕಡೆಯ ಒಂದು ಸೊಂಟನೋವಿನ ಪ್ರಕರಣ

ರೋಗಿ 56 ವರ್ಷದ ಹೆಂಗಸು. ಊರು ಕೊಡಗಿನ ಚೇರಂಬಾಣೆ ಕಡೆ. ಮನೆಯವರದೇ ಕಾಫಿ ತೋಟ, ಅದರೊಳಗೆ ಕರಿಮೆಣಸು, ಸ್ವಲ್ಪ ಏಲಕ್ಕಿ. ಎರಡು ತಿಂಗಳು ದಾಟಿದರೂ ಬಿಡದ ಸೊಂಟನೋವು. ಬೆಂಗಳೂರಲ್ಲಿರುವ ಮಗ ಮೈಸೂರಿನ ಒಬ್ಬ ಕೈರೋಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸಿ ಚಿಕಿತ್ಸೆ ಮಾಡುವವರು) ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದ. ಅದಕ್ಕೆ ಇನ್ನೂ ಹತ್ತು ಹನ್ನೆರಡು ದಿನ ಇತ್ತು. ಆಗ ಅವರು ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: "ಅಲ್ಲಿಗೆ ಹೋಗುವಾಗ ಏನೇನು ತಗೊಂಡು ಹೋಗ್ಬೇಕು?"

ನಾನು ಮಡಿಕೇರಿಯಲ್ಲಿ ಫಿಸಿಯೋಥೆರಪಿ ಮಾಡುವವಳು. ಅವರನ್ನು ಅಕ್ಕ ಎಂದೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ. ಈ ಪ್ರಕರಣದಲ್ಲಿ ಮುಖ್ಯವಾದ ಕೆಲಸವೆಲ್ಲ ನಡೆದದ್ದು ಅಪಾಯಿಂಟ್‌ಮೆಂಟ್‌ಗೆ ಮುಂಚಿನ ದಿನಗಳಲ್ಲಿ. ಹಾಗಾಗಿ ಆ ದಿನಗಳಿಗೇ ಇಲ್ಲಿ ಜಾಸ್ತಿ ಜಾಗ.

ನೋವು ಶುರುವಾದ ಬಗೆ

ಫೆಬ್ರವರಿ. ರೋಬಸ್ಟಾ ಕೊಯ್ಲಿನ ಸಮಯ. ಕಣದ ತುಂಬಾ ಕಾಫಿ ಹರಡಿದೆ, ಕೆಲಸಕ್ಕೆ ಜನ ಸಾಲದು. ಬೆಳಗ್ಗೆಯಿಂದ ಸಂಜೆವರೆಗೆ ಬಗ್ಗಿಕೊಂಡು ಕಾಫಿ ಎಳೆಯುವುದು, ತಿರುವುವುದು, ಸಂಜೆಗೆ ರಾಶಿ ಮಾಡಿ ಟಾರ್ಪಾಲ್ ಹೊದಿಸುವುದು ಅಕ್ಕನ ಪಾಲಿಗೆ ಬಂತು. ಒಂದು ಸಂಜೆ ಮೋಡ ಕವಿಯಿತು. ಒಣಗಿದ ಕಾಫಿ ತುಂಬಿಟ್ಟ ಚೀಲಗಳನ್ನು ಮಳೆ ಬರುವಷ್ಟರಲ್ಲಿ ಒಳಗೆ ಹಾಕಬೇಕು. ಒಂದೊಂದು ಚೀಲ 50 ಕೆಜಿ. ಮೂರನೆಯದನ್ನು ಎಳೆಯುವಾಗ ಸೊಂಟದಲ್ಲಿ ಚಳಕ್ ಎಂದಿತಂತೆ. ಅಲ್ಲೇ ಕೂತುಬಿಟ್ಟರು.

ಆಮೇಲೆ ಎಲ್ಲ ಮನೆಯಲ್ಲಿ ಆಗುವುದೇ ಆಯಿತು. ಎಣ್ಣೆ, ಬಿಸಿನೀರು, ಮೆಡಿಕಲ್ ಶಾಪ್‌ನ ನೋವಿನ ಮಾತ್ರೆ. ಕಾಲು ಮುಂದಾಗಿ ಹುಟ್ಟಿದವರು ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆ ಎಂದು ನೆರೆಮನೆಯವರು ಹೇಳಿದರು. ಅದೂ ಆಯಿತು. ನೋವು ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಬಗ್ಗಿದರೆ, ಜಾಸ್ತಿ ಹೊತ್ತು ಕೂತರೆ ಬಲಗಡೆ ಸೊಂಟದಿಂದ ಕುಂಡೆಯವರೆಗೆ ಹಿಡಿದುಕೊಳ್ಳುತ್ತದೆ. ನಡೆದಾಡಿದರೆ ಹಗುರ.

ನಾನು ಮೊದಲು ನೋಡಿದ್ದು ಅಪಾಯದ ಲಕ್ಷಣ ಏನಾದರೂ ಇದೆಯಾ ಎಂದು. ಮೂತ್ರ, ಮಲ ಹಿಡಿತ ತಪ್ಪಿದೆಯಾ? ಕೂರುವ ಜಾಗದಲ್ಲಿ ಮರಗಟ್ಟಿದೆಯಾ? ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ? ಇವು ಇದ್ದರೆ ಅದು ತುರ್ತು. ಆ ದಿನವೇ ಆಸ್ಪತ್ರೆಗೆ ಹೋಗಬೇಕು, ಕೈರೋಪ್ರಾಕ್ಟರ್ ಮಾತೇ ಬೇಡ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಇವನ್ನೂ ಕೇಳಿದೆ. ನಮ್ಮ ದೇಶದಲ್ಲಿ ಬೆನ್ನುಮೂಳೆಗೆ ಕ್ಷಯ ಬರುವುದು ಅಪರೂಪವೇನಲ್ಲ. ಅದು ಮೊದಮೊದಲು ಬರೀ ಬೆನ್ನುನೋವಿನ ಹಾಗೇ ಇರುತ್ತದೆ. ಅಕ್ಕನಿಗೆ ಇದ್ಯಾವುದೂ ಇರಲಿಲ್ಲ. ಹಿಮ್ಮಡಿ ಮೇಲೆ ನಡೆದರು, ತುದಿಗಾಲಲ್ಲಿ ನಡೆದರು. ಮಲಗಿಸಿ ಕಾಲು ನೇರ ಎತ್ತಿದಾಗ ನೋವು ಕಾಲಿಗೆ ಇಳಿಯಲಿಲ್ಲ, ಅಂದರೆ ನರ ಒತ್ತಿದ ಸುಳಿವು ಇರಲಿಲ್ಲ.

ಅವರ ಕೈಚೀಲದಲ್ಲಿ ಒಂದು ಎಂಆರ್‌ಐ ರಿಪೋರ್ಟ್ ಇತ್ತು. ಮಗನ ಒತ್ತಾಯಕ್ಕೆ ಮಾಡಿಸಿದ್ದು. ಎಲ್4-ಎಲ್5 ಜಾಗದಲ್ಲಿ ಡಿಸ್ಕ್ ಬಲ್ಜ್ ಎಂದು ಬರೆದಿತ್ತು. ಅಂದರೆ ಸೊಂಟದ ಕೆಳಭಾಗದ ಎರಡು ಬೆನ್ನುಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಉಬ್ಬಿದೆ ಎಂದು. ಆ ಒಂದು ಸಾಲಿನಿಂದ ಅಕ್ಕ ಎಷ್ಟು ಹೆದರಿದ್ದರು ಎಂದರೆ, ಕೊಡ ನೀರೂ ಎತ್ತುತ್ತಿರಲಿಲ್ಲ. ನಾನು ಅವರಿಗೆ ಒಂದು ಅಂಕಿ ಹೇಳಿದೆ. ಬೆನ್ನುನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನ 2015ರಲ್ಲಿ ಬಂತು. ಅದರಲ್ಲಿ 50 ವರ್ಷದವರಲ್ಲಿ ಸುಮಾರು ಶೇ. 60 ಜನರಿಗೆ ಡಿಸ್ಕ್ ಬಲ್ಜ್ ಇತ್ತು. ನೋವಿಲ್ಲದೆ! ಹಾಗಾಗಿ ರಿಪೋರ್ಟ್‌ನಲ್ಲಿ ಆ ಪದ ಕಂಡ ತಕ್ಷಣ ಅದೇ ನೋವಿಗೆ ಕಾರಣ ಎಂದುಕೊಳ್ಳಬೇಕಾಗಿಲ್ಲ. ಕೂದಲು ನರೆತ ಹಾಗೆ ಅದೂ ವಯಸ್ಸಿನ ಜೊತೆ ಬರುತ್ತದೆ.

ಮಾತ್ರೆ ಡಬ್ಬಿ

"ಏನು ತಗೊಂಡು ಹೋಗ್ಬೇಕು" ಎಂಬ ಪ್ರಶ್ನೆಗೆ ನನ್ನ ಮೊದಲ ಉತ್ತರ: ಮನೆಯಲ್ಲಿ ನೀವು ನುಂಗುವ ಮಾತ್ರೆ ಎಲ್ಲಾ. ಬಿಪಿಯದು ಮಾತ್ರ ಅಲ್ಲ, ಎಲ್ಲಾ.

ಮಾರನೇ ವಾರ ಅಕ್ಕ ಒಂದು ಹಳೇ ಬಿಸ್ಕೆಟ್ ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಬಿಪಿ ಮಾತ್ರೆ ಅಮ್ಲೊಡಿಪಿನ್. ಗ್ಯಾಸ್ ಮಾತ್ರೆ. ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್‌ಗಳು. ಭಾವನ ಹಾರ್ಟ್ ಮಾತ್ರೆ ಎರಡು ಇದರೊಳಗೆ ಸೇರಿಕೊಂಡಿತ್ತು, ತೆಗೆದು ಬೇರೆ ಇಟ್ಟೆವು. ಕೊನೆಗೆ ರಬ್ಬರ್ ಬ್ಯಾಂಡ್ ಹಾಕಿ ಜೋಪಾನ ಮಾಡಿದ ನಾಲ್ಕೈದು ಸ್ಟ್ರಿಪ್.

"ಇದು?"

"ಅದು ದಮ್ಮಿನದು. ಮಳೆಗಾಲಕ್ಕೆ ಮಾತ್ರ."

ಪ್ರೆಡ್ನಿಸೊಲೋನ್ 10 ಮಿಲಿಗ್ರಾಂ. ಸ್ಟೀರಾಯ್ಡ್.

ಭಾಗಮಂಡಲ, ಚೇರಂಬಾಣೆ ಕಡೆಯ ಮಳೆ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ದಮ್ಮು ಇರುವವರಿಗೆ ಅದು ನರಕ. ಅಕ್ಕನಿಗೆ ಯಾವತ್ತೋ ಒಬ್ಬ ಡಾಕ್ಟರ್ ಐದು ದಿನಕ್ಕೆಂದು ಬರೆದುಕೊಟ್ಟ ಮಾತ್ರೆ. ಅದರಿಂದ ಉಸಿರು ಹಗುರವಾಯಿತು. ಆಮೇಲೆ ಪ್ರತಿ ಮಳೆಗಾಲ ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ತರಿಸಿಕೊಂಡು ತಿಂಗಳುಗಟ್ಟಲೆ ನುಂಗಿದ್ದಾರೆ. ಎಷ್ಟು ವರ್ಷದಿಂದ ಎಂದರೆ ಮಗನ ಪಿಯುಸಿ ಲೆಕ್ಕ ಹಿಡಿದು ಹೇಳಿದರು. ಎಂಟಕ್ಕೆ ಕಡಿಮೆ ಇಲ್ಲ.

ಸ್ಟೀರಾಯ್ಡ್ ಮಾತ್ರೆಯನ್ನು ಮೂರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ದಿನ ತೆಗೆದುಕೊಂಡರೆ ಮೂಳೆ ಸವೆಯುವ ಅಪಾಯ ಇದೆ. ಅಕ್ಕನಿಗೆ ಮುಟ್ಟು ನಿಂತದ್ದು 44ಕ್ಕೇ. ಅದೂ ಮೂಳೆಗೆ ಪೆಟ್ಟು. ಇವೆರಡರ ಮೇಲೆ ಅವರ ತಾಯಿಗೆ ಅಂಗಳದಲ್ಲಿ ಸುಮ್ನೆ ಜಾರಿ ತೊಡೆಮೂಳೆ ಮುರಿದಿತ್ತು. ಇಂಥ ಬೆನ್ನಿನ ಮೇಲೆ ಯಾರಾದರೂ ಜೋರಾಗಿ ಒಂದು ಒತ್ತು ಕೊಟ್ಟರೆ?

ಮಾತ್ರೆ ಕಸಿದುಕೊಳ್ಳಲಿಲ್ಲ. ತುಂಬಾ ದಿನ ನುಂಗಿದ ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ಆಗ ಮಳೆಗಾಲ ಇರಲಿಲ್ಲ, ಅವರು ನುಂಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಮಡಿಕೇರಿಯ ಒಬ್ಬ ಫಿಸಿಷಿಯನ್ ಹತ್ತಿರ ಕಳಿಸಿದೆ. ಅವರು ಎಲ್ಲಾ ಕೇಳಿ, ಒಂದು ಎಕ್ಸ್‌ರೇ ಮತ್ತು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದರು. ದಮ್ಮಿಗೆ ಇನ್‌ಹೇಲರ್ ಶುರು ಮಾಡಿಸಿದರು. ಎಕ್ಸ್‌ರೇ ಮಡಿಕೇರಿಯಲ್ಲೇ ಆಯಿತು. ಬೆನ್ನುಮೂಳೆ ಯಾವುದೂ ಕುಸಿದಿರಲಿಲ್ಲ. ಡೆಕ್ಸಾ ಮೈಸೂರಲ್ಲಿ, ಅಪಾಯಿಂಟ್‌ಮೆಂಟ್ ದಿನ ಬೆಳಗ್ಗೆಯೇ ಎಂದು ನಿಗದಿ ಮಾಡಿದೆವು.

ಎಕ್ಸ್‌ರೇ ಬಗ್ಗೆ ಒಂದು ಮಾತು. ಸೊಂಟನೋವು ಎಂದ ಮಾತ್ರಕ್ಕೆ ಎಲ್ಲರಿಗೂ ಎಕ್ಸ್‌ರೇ ಬೇಕಾಗಿಲ್ಲ. ಕೈರೋಪ್ರಾಕ್ಟರ್ ಹತ್ತಿರ ಹೋಗಲು ಅದು ಟಿಕೆಟ್ಟೂ ಅಲ್ಲ. ಅಕ್ಕನಿಗೆ ಬೇಕಾದದ್ದು ಆ ಸ್ಟೀರಾಯ್ಡ್ ಕಾರಣಕ್ಕೆ.

ಮೊಬೈಲ್‌ನಲ್ಲಿ ನೋಡಿದ್ದು

ಅಕ್ಕ ಹೋಗಲು ಒಪ್ಪಿದ್ದು ಮಗ ಕಳಿಸಿದ ವಿಡಿಯೋಗಳಿಂದ. ಕುತ್ತಿಗೆ ತಿರುಗಿಸುತ್ತಾರೆ, ಟಪ್ ಎನ್ನುತ್ತದೆ, ರೋಗಿ ಅಳುತ್ತಾ ನಗುತ್ತಾ ಎದ್ದು ನಿಲ್ಲುತ್ತಾರೆ. ಒಂದರಲ್ಲಿ ದಮ್ಮೂ ವಾಸಿಯಾಗುತ್ತದೆ ಎಂದಿತ್ತು. ಅಕ್ಕನಿಗೆ ಒಳಗೊಳಗೇ ಆ ಆಸೆಯೂ ಇತ್ತು.

ಕೈರೋಪ್ರಾಕ್ಟಿಕ್ ಎಂಬ ಈ ಪದ್ಧತಿ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಲ್ಲಿ. ಶುರು ಮಾಡಿದವರು ಡಿ.ಡಿ. ಪಾಮರ್. ಬೆನ್ನುಮೂಳೆ ಜಾಗ ತಪ್ಪಿ ನರ ಒತ್ತುವುದರಿಂದಲೇ ಬಹುಪಾಲು ರೋಗ ಬರುತ್ತವೆ ಎಂಬುದು ಅವರ ವಾದ. ಅದಕ್ಕೆ ಆಧಾರ ಸಿಗಲಿಲ್ಲ. ಇವತ್ತು ಆಧಾರ ಇರುವುದು ಮುಖ್ಯವಾಗಿ ಸೊಂಟನೋವಿನಂಥ ತೊಂದರೆಗೆ. ಅಲ್ಲೂ ಪವಾಡ ಇಲ್ಲ. ಅಮೆರಿಕದ ಫಿಸಿಷಿಯನ್‌ಗಳ ಸಂಘವೊಂದು 2017ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಸೊಂಟನೋವಿಗೆ ಮಾತ್ರೆ ಇಲ್ಲದೆ ಮಾಡಬಹುದಾದ ಉಪಾಯಗಳ ಸಾಲಿನಲ್ಲಿ ಬೆನ್ನುಮೂಳೆ ಕೈಚಿಕಿತ್ಸೆಯೂ ಇದೆ. ಬಿಸಿ ಶಾಖ, ಮಸಾಜ್, ವ್ಯಾಯಾಮದ ಜೊತೆಗೆ ಅದೂ ಒಂದು. ಲಾಭ ಅಷ್ಟಿಷ್ಟು. ದಮ್ಮು, ಬಿಪಿ, ಶುಗರ್ ಇದರಿಂದ ವಾಸಿಯಾಗುತ್ತವೆ ಎನ್ನಲು ಆಧಾರ ಇಲ್ಲ. ಯಾರಾದರೂ ಹಾಗೆ ಹೇಳಿದರೆ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಬನ್ನಿ ಎಂದೆ. ಅಕ್ಕನ ಮುಖ ಸ್ವಲ್ಪ ಬಾಡಿತು. ಆದರೂ ಹೇಳಲೇಬೇಕಿತ್ತು.

ಆ ಟಪ್ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗೆ ಒಂದು ದ್ರವ ಇರುತ್ತದೆ. ಕೀಲು ಥಟ್ಟನೆ ಅಗಲಿದಾಗ ಅಲ್ಲಿ ಅನಿಲದ ಗುಳ್ಳೆ ಉಂಟಾಗುತ್ತದೆ, ಸದ್ದು ಬರುವುದು ಅದರಿಂದ. ಬೆರಳು ನೆಟಿಕೆ ತೆಗೆದಾಗ ಬರುವುದೂ ಅದೇ. ಸದ್ದು ಬರಲಿಲ್ಲ ಎಂದು ಮತ್ತೆ ಮತ್ತೆ ಒತ್ತಿಸಿಕೊಳ್ಳುವ ಅಗತ್ಯ ಇಲ್ಲ.

ಇನ್ನು ಕುತ್ತಿಗೆ. ನನಗೆ ನಿಜವಾಗಿ ಭಯ ಇದ್ದದ್ದು ಇಲ್ಲೇ. ಕುತ್ತಿಗೆಯ ಮೂಳೆಗಳ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಕುತ್ತಿಗೆಯನ್ನು ಜೋರಾಗಿ ತಿರುಗಿಸಿದ ಮೇಲೆ ಆ ನಾಳದ ಒಳಪದರ ಹರಿದು ಸ್ಟ್ರೋಕ್ ಆದ ಪ್ರಕರಣಗಳು ವರದಿಯಾಗಿವೆ. ತೀರಾ ಅಪರೂಪ, ನಿಜ. ಆದರೆ ನೋವಿರುವುದು ಸೊಂಟದಲ್ಲಿ. ಕುತ್ತಿಗೆ ಯಾಕೆ ಮುಟ್ಟಬೇಕು? "ಕುತ್ತಿಗೆ ಬೇಡ" ಎಂದು ಮೊದಲೇ ಹೇಳಿಬಿಡಿ ಎಂದೆ. ಮಂಚದ ಮೇಲೆ ಬೋರಲು ಮಲಗಿದ ಮೇಲೆ ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ನಮ್ಮ ಕಡೆ ಹೆಂಗಸರಿಗಂತೂ ಬಿಳಿ ಕೋಟು ಹಾಕಿದವರ ಎದುರು ಬೇಡ ಎನ್ನುವುದು ಮರ್ಯಾದೆಗೇಡು ಅನಿಸುತ್ತದೆ. ಅದಕ್ಕೇ ಮೂರು ನಾಲ್ಕು ಸಲ ಅಕ್ಕನ ಬಾಯಿಂದಲೇ ಜೋರಾಗಿ ಹೇಳಿಸಿದೆ.

ಫೋನ್‌ನಲ್ಲಿ ಕೇಳಿದ ಪ್ರಶ್ನೆಗಳು

ಬ್ರಿಟನ್‌ನಲ್ಲಿ 1994ರ ಕಾಯ್ದೆಯ ಪ್ರಕಾರ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್‌ನಲ್ಲಿ ಹೆಸರು ಇಲ್ಲದವರು ತಮ್ಮನ್ನು ಕೈರೋಪ್ರಾಕ್ಟರ್ ಎಂದು ಕರೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ರಾಜ್ಯ ಸರ್ಕಾರದ ಲೈಸೆನ್ಸ್ ಬೇಕು. ನಮ್ಮಲ್ಲಿ ಡಾಕ್ಟರ್‌ಗಳಿಗೆ ಇರುವಂತೆ ಕೈರೋಪ್ರಾಕ್ಟಿಕ್‌ಗೆಂದೇ ಒಂದು ಕೌನ್ಸಿಲ್ ಇಲ್ಲ. ಹೊರದೇಶದಲ್ಲಿ ನಾಲ್ಕೈದು ವರ್ಷ ಓದಿ ಬಂದವರೂ ಆ ಬೋರ್ಡ್ ಹಾಕುತ್ತಾರೆ, ವಾರಾಂತ್ಯದ ಕೋರ್ಸ್ ಮಾಡಿದವರೂ ಹಾಕುತ್ತಾರೆ. ಹಾಗಾಗಿ ಕೇಳಿ ತಿಳಿಯುವ ಕೆಲಸ ರೋಗಿಯ ಮೇಲೇ ಬೀಳುತ್ತದೆ.

ಮಗನಿಗೆ ಫೋನ್ ಮಾಡಿ ಏನು ಕೇಳಬೇಕೆಂದು ಹೇಳಿಕೊಟ್ಟೆ. ಎಲ್ಲಿ ಓದಿದ್ದಾರೆ, ಎಷ್ಟು ವರ್ಷದ ಕೋರ್ಸ್? ಮೊದಲ ದಿನ ಪರೀಕ್ಷೆಗೆ ಎಷ್ಟು ಹೊತ್ತು ಕೊಡುತ್ತಾರೆ? ಸ್ಟೀರಾಯ್ಡ್ ತೆಗೆದುಕೊಂಡ ರೋಗಿಗೆ ಏನು ಮಾಡುತ್ತಾರೆ?

ಅವನು ಮೊದಲು ಬುಕ್ ಮಾಡಿದ್ದ ಜಾಗದಿಂದ ಬಂದ ಉತ್ತರ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಓದಿನ ಬಗ್ಗೆ ಕೇಳಿದರೆ "ಸರ್ ತುಂಬಾ ಫೇಮಸ್" ಎಂದರು. ಮೊದಲ ದಿನವೇ ತಲೆಯಿಂದ ಕಾಲವರೆಗೆ ಒತ್ತಿ ತಿರುಗಿಸುವ ಪೂರ್ತಿ ಅಡ್ಜಸ್ಟ್‌ಮೆಂಟ್ ಅಂತೆ. ಮೂರು ತಿಂಗಳ ಪ್ಯಾಕೇಜ್ ದುಡ್ಡು ಮುಂಗಡ ಕಟ್ಟಿದರೆ ರಿಯಾಯಿತಿ ಅಂತೆ. ಸ್ಟೀರಾಯ್ಡ್ ಪ್ರಶ್ನೆಗೆ "ಏನೂ ಆಗಲ್ಲ, ಕರ್ಕೊಂಡು ಬನ್ನಿ." ರೋಗಿಯನ್ನು ಕಣ್ಣಲ್ಲೂ ನೋಡದೆ ಇಷ್ಟೆಲ್ಲ ನಿರ್ಧಾರ! ಮಗ ತಾನಾಗಿಯೇ ಆ ಅಪಾಯಿಂಟ್‌ಮೆಂಟ್ ರದ್ದು ಮಾಡಿದ.

ಮೈಸೂರಲ್ಲೇ ಇನ್ನೊಬ್ಬರು ಸಿಕ್ಕರು. ಅವರೇ ವಾಪಸ್ ಫೋನ್ ಮಾಡಿ ಮಾತಾಡಿದರು. ಎಲ್ಲಿ ಓದಿದ್ದು, ಎಷ್ಟು ವರ್ಷ ಎಂದು ಹೇಳಿದರು. ಡೆಕ್ಸಾ ರಿಪೋರ್ಟ್ ನೋಡದೆ ಬೆನ್ನಿಗೆ ಜೋರಾಗಿ ಒತ್ತು ಕೊಡುವುದಿಲ್ಲ ಎಂದರು. ಅಕ್ಕನಿಗೆ ಅಲ್ಲೇ ನೆಮ್ಮದಿ.

ಒಂದು ಹಾಳೆ

ಮೊದಲ ಭೇಟಿಯಲ್ಲಿ ಜನ ಮರೆಯುವುದೇ ಜಾಸ್ತಿ. ದಾರಿ ಸುಸ್ತು, ಹೊಸ ಜಾಗ, ಪಕ್ಕದಲ್ಲಿ ಮಗ ಬೇರೆ. ಮುಟ್ಟಿನ ವಿಷಯ ಮಗನ ಎದುರು ಹೇಳುವುದಾದರೂ ಹೇಗೆ? ಅದಕ್ಕೆ ಒಂದು ಹಾಳೆಯಲ್ಲಿ ಅಕ್ಕನ ಕೈಯಲ್ಲೇ ಬರೆಸಿದೆ. ಅದು ಹೀಗಿತ್ತು:

"ಫೆಬ್ರವರಿಯಲ್ಲಿ ಚೀಲ ಎಳೆಯುವಾಗ ಸೊಂಟ ಹಿಡಿಯಿತು. ಬಲಗಡೆ. ಮೊಣಕಾಲಿನ ಕೆಳಗೆ ನೋವಿಲ್ಲ. ಬಗ್ಗಿದರೆ, ಕೂತರೆ ಜಾಸ್ತಿ. ನಡೆದರೆ ಕಡಿಮೆ. ದಮ್ಮಿಗೆ ಎಂಟು ಮಳೆಗಾಲ ಪ್ರೆಡ್ನಿಸೊಲೋನ್ ತಿಂದಿದ್ದೇನೆ. ಈಗ ಇನ್‌ಹೇಲರ್. ಬಿಪಿಗೆ ಅಮ್ಲೊಡಿಪಿನ್. ರಕ್ತ ತೆಳುವಾಗುವ ಮಾತ್ರೆ ಇಲ್ಲ. ಮುಟ್ಟು 44ಕ್ಕೆ ನಿಂತಿದೆ. ಅಮ್ಮನಿಗೆ ತೊಡೆಮೂಳೆ ಮುರಿದಿತ್ತು. ಕುತ್ತಿಗೆಗೆ ಏನೂ ಮಾಡುವುದು ಬೇಡ. ನನಗೆ ಬೇಕಾಗಿರುವುದು: ಬಗ್ಗಿ ಕಣದ ಕೆಲಸ ಮಾಡಲು ಆಗಬೇಕು."

ಕೊನೆಯ ಸಾಲು ಅವರದೇ. ನಾನು ಹೇಳಿದ್ದಲ್ಲ. ರಕ್ತ ತೆಳುವಾಗುವ ಮಾತ್ರೆಯ ಸಾಲು ಬರೆಸಿದ್ದಕ್ಕೆ ಕಾರಣ ಇದೆ. ವಾರ್ಫರಿನ್, ಕ್ಲೊಪಿಡೊಗ್ರೆಲ್ ತರಹದ್ದನ್ನು ತೆಗೆದುಕೊಳ್ಳುವವರಿಗೆ ಜೋರಾಗಿ ಒತ್ತಿದರೆ ಒಳಗೆ ರಕ್ತಸ್ರಾವ ಆಗಬಹುದು. ಇದ್ದರೂ ಹೇಳಬೇಕು, ಇಲ್ಲದಿದ್ದರೂ ಹೇಳಬೇಕು.

ಹೊರಡುವ ದಿನ

ಅಕ್ಕ ಹೊರಗೆ ಹೋಗುವಾಗ ಉಡುವುದು ಕೊಡಗಿನ ರೀತಿಯ ಸೀರೆ. ಅದರ ನಿರಿಗೆ ಹಿಂದೆ ಬರುತ್ತದೆ, ಸೊಂಟದ ಹಿಂಭಾಗದಲ್ಲೇ ಸಿಕ್ಕಿಸುವುದು. ಪರೀಕ್ಷೆ ಮಾಡುವವರು ಕೈ ಇಡಬೇಕಾದ ಜಾಗವೂ ಅದೇ. ಸಡಿಲವಾದ ಚೂಡಿದಾರ ಹಾಕಿ ಎಂದೆ. ಸೊಸೆಯದು ಹಾಕಿಕೊಂಡರು. ಮೈ ಮುಟ್ಟಿ ನೋಡುವಾಗ ಜೊತೆಗೆ ಒಬ್ಬ ಹೆಂಗಸು ಇರಲಿ ಎಂದು ಕೇಳುವುದಕ್ಕೆ ಸಂಕೋಚ ಬೇಡ ಎಂದೂ ಹೇಳಿದೆ. ಸೊಸೆ ಒಳಗೆ ಹೋದಳು, ಮಗ ಹೊರಗೆ ಕೂತ. ಮುಟ್ಟಿನ ವಿಷಯ ಮಗನ ಎದುರು ಹೇಳುವ ಸಂಕೋಚವೂ ಹಾಗೇ ಬಗೆಹರಿಯಿತು.

ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದಲೇ ಮೈಸೂರು ಸುಮಾರು 120 ಕಿ.ಮೀ. ಅದಕ್ಕೂ ಮೊದಲು ಚೇರಂಬಾಣೆಯಿಂದ ಮಡಿಕೇರಿಗೆ ತಿರುವಿನ ದಾರಿ. ಸೊಂಟನೋವಿನವರಿಗೆ ಇಷ್ಟು ಹೊತ್ತು ಕೂರುವುದೇ ಒಂದು ಪರೀಕ್ಷೆ. ಕಾರಿನ ಮುಂದಿನ ಸೀಟು, ಸೊಂಟದ ಹಿಂದೆ ಸುತ್ತಿದ ಟವೆಲ್. ಸುಂಟಿಕೊಪ್ಪ, ಪಿರಿಯಾಪಟ್ಟಣ, ಹುಣಸೂರು, ಮೂರು ಕಡೆ ಇಳಿದು ಐದು ನಿಮಿಷ ನಡೆದರು. ಬಿಪಿ ಮಾತ್ರೆ ತಪ್ಪಿಸಲಿಲ್ಲ. ಬೋರಲು ಮಲಗಬೇಕಾಗಬಹುದು ಎಂದು ಮಧ್ಯಾಹ್ನ ಹೊಟ್ಟೆ ಬಿರಿಯ ಊಟ ಮಾಡಲಿಲ್ಲ. ರಾತ್ರಿ ಮೈಸೂರಲ್ಲಿ ನಾದಿನಿ ಮನೆಯಲ್ಲಿ ಉಳಿದರು. ಕೈಚಿಕಿತ್ಸೆ ಆದ ಮೇಲೆ ಒಂದೆರಡು ದಿನ ಮೈಕೈ ನೋವು ಬರುವುದು ಸಾಮಾನ್ಯ. ಅದರ ಜೊತೆ ಅದೇ ದಿನ ಘಾಟಿ ಹತ್ತುವುದು ಯಾಕೆ?

ಬೆಳಗ್ಗೆ ಡೆಕ್ಸಾ. ಮೂಳೆಯ ಸಾಂದ್ರತೆ ಎಷ್ಟಿದೆ ಎಂದು ಹೇಳುವ ಟಿ ಸ್ಕೋರ್ ಸೊಂಟದ ಮೂಳೆಯಲ್ಲಿ ಮೈನಸ್ 2.8. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಮೂಳೆ ಸವಕಳಿ ರೋಗ, ಅಂದರೆ ಆಸ್ಟಿಯೋಪೊರೋಸಿಸ್.

ಸಂಜೆ ಭೇಟಿ. ಕೈರೋಪ್ರಾಕ್ಟರ್ ಆ ಹಾಳೆಯನ್ನು ಎರಡು ಸಲ ಓದಿದರಂತೆ. ಮುಕ್ಕಾಲು ಗಂಟೆ ಕೇಳಿದರು, ನೋಡಿದರು. ಸ್ಕೋರ್ ತೋರಿಸಿ, ಈ ಬೆನ್ನಿಗೆ ಜೋರಾಗಿ ಒತ್ತುವ ಚಿಕಿತ್ಸೆ ಮಾಡುವುದಿಲ್ಲ ಎಂದು ನೇರವಾಗಿ ಹೇಳಿದರು. ಸೊಂಟದ ಸ್ನಾಯುಗಳನ್ನು ಕೈಯಲ್ಲಿ ಹದವಾಗಿ ಸಡಿಲ ಮಾಡಿದರು. ಬೆನ್ನು ಬಗ್ಗಿಸದೆ ಸೊಂಟದ ಕೀಲಿನಿಂದ ಬಗ್ಗುವುದು ಹೇಗೆ ಎಂದು ಒಂದು ಕೋಲು ಹಿಡಿಸಿ ಕಲಿಸಿದರು. ಟಪ್ ಸದ್ದು ಬರಲಿಲ್ಲ. ಒಂದು ಭೇಟಿಯ ದುಡ್ಡು ತೆಗೆದುಕೊಂಡು, ಮುಂದಿನ ವ್ಯಾಯಾಮ ಮಡಿಕೇರಿಯಲ್ಲೇ ಮಾಡಿಸಿಕೊಳ್ಳಿ, ಇಷ್ಟು ದೂರ ಬರಬೇಕಾಗಿಲ್ಲ ಎಂದು ಚೀಟಿ ಬರೆದುಕೊಟ್ಟರು.

ಮಗನಿಗೆ ಬೇಜಾರು. "ಇಷ್ಟಕ್ಕೆ ಮೈಸೂರಿಗೆ ಹೋಗ್ಬೇಕಿತ್ತಾ?" ಎಂದು ನನಗೆ ಫೋನ್ ಮಾಡಿದ. ಮೊದಲು ಬುಕ್ ಮಾಡಿದ್ದ ಜಾಗಕ್ಕೇ ಹೋಗಿದ್ದರೆ ಏನಾಗುತ್ತಿತ್ತೋ ಯೋಚನೆ ಮಾಡು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೂಳೆಗೆ ಯಾವ ಡಾಕ್ಟರ್ ಎಂದು ಕೇಳಿದ.

ಈಗಿನ ಸ್ಥಿತಿ

ಮೂಳೆಗೆ ಫಿಸಿಷಿಯನ್ ಚಿಕಿತ್ಸೆ ಶುರು ಮಾಡಿದ್ದಾರೆ: ವಾರಕ್ಕೊಂದು ಮಾತ್ರೆ, ಕ್ಯಾಲ್ಸಿಯಂ, ವಿಟಮಿನ್ ಡಿ. ವಾರದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬಾರದು. ಅಕ್ಕ ಆ ಅರ್ಧ ಗಂಟೆ ತೋಟದಲ್ಲಿ ನಡೆಯುತ್ತಾರೆ. ನನ್ನ ಹತ್ತಿರ ವಾರಕ್ಕೊಮ್ಮೆ ಬಂದು ಕಾಲು, ಬೆನ್ನಿನ ಶಕ್ತಿಯ ವ್ಯಾಯಾಮ ಮಾಡುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಜಾಸ್ತಿ ಹೊತ್ತು ಕೂತರೆ ಈಗಲೂ ಹಿಡಿಯುತ್ತದೆ. ಕೊಡ ನೀರು ಎತ್ತುತ್ತಾರೆ. ಚೀಲ ಎಳೆಯುವುದಿಲ್ಲ, ಅದಕ್ಕೆ ಭಾವ ಒಂದು ಕೈಗಾಡಿ ಮಾಡಿಸಿದ್ದಾರೆ.

ಮಳೆಗಾಲ ಬಂತು. ಇನ್‌ಹೇಲರ್ ಮೇಲೇ ಇದ್ದಾರೆ. ಜುಲೈಯಲ್ಲಿ ಒಮ್ಮೆ ದಮ್ಮು ಜೋರಾದಾಗ ಡಾಕ್ಟರ್ ಐದು ದಿನದ ಸ್ಟೀರಾಯ್ಡ್ ಕೊಟ್ಟರು. ಐದು ದಿನ ಆದ ಮೇಲೆ ಮತ್ತೆ ತರಿಸಲಿಲ್ಲ. ಮುಂದಿನ ಡೆಕ್ಸಾ ಯಾವಾಗ ಎಂದು ಫಿಸಿಷಿಯನ್ ಹೇಳಬೇಕು. ಆ ಹಾಳೆಯನ್ನು ಅಕ್ಕ ಮಾತ್ರೆ ಡಬ್ಬಿಯಲ್ಲೇ ಇಟ್ಟುಕೊಂಡಿದ್ದಾರೆ. ಸ್ಕೋರ್ ಮತ್ತು ಹೊಸ ಮಾತ್ರೆಯ ಹೆಸರು ಕೆಳಗೆ ಸೇರಿಸಿದ್ದಾರೆ. ಹಲ್ಲು ಕೀಳಿಸಲು ವಿರಾಜಪೇಟೆಗೆ ಹೋಗುವಾಗಲೂ ಅದನ್ನೇ ಒಯ್ದಿದ್ದರು. ಮೂಳೆಯ ಮಾತ್ರೆ ತೆಗೆದುಕೊಳ್ಳುವವರು ಹಲ್ಲಿನ ಡಾಕ್ಟರ್‌ಗೆ ಅದನ್ನು ಮೊದಲೇ ಹೇಳಬೇಕು.